ಐಇಎಲ್‌ಟಿಎಸ್ ರೈಟಿಂಗ್ ಎರಡು ಸಲವೂ 6: ಮೂರನೇ ಸಲ ದುಡ್ಡು ಕಟ್ಟಲಾ?

ಹಾವೇರಿ_ಏಲಕ್ಕಿ

ಎಲ್ಲರಿಗೂ ನಮಸ್ಕಾರ ರೀ. ಪೋಸ್ಟ್ ಉದ್ದ ಇದೆ, ಸ್ವಲ್ಪ ತಾಳ್ಮೆ ಇರಲಿ.

ನಾನು ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ. ಪಿಯುಸಿ ಸೈನ್ಸ್, ಆಮೇಲೆ ಹುಬ್ಬಳ್ಳಿಯಲ್ಲಿ ಬಿಇ ಸಿವಿಲ್. ಮೂರು ವರ್ಷ ಕೆಲಸ ಮಾಡಿದ್ದೇನೆ. ಈಗ ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಿಂದ ಎಂಎಸ್‌ಸಿಗೆ ಕಂಡಿಷನಲ್ ಆಫರ್ ಬಂದಿದೆ. ಷರತ್ತು ಒಂದೇ: ಐಇಎಲ್‌ಟಿಎಸ್ ಅಕಾಡೆಮಿಕ್ ಅನ್ನೋ ಇಂಗ್ಲಿಷ್ ಪರೀಕ್ಷೆಯಲ್ಲಿ (ಅಂಕಕ್ಕೆ ಬ್ಯಾಂಡ್ ಅಂತಾರೆ, 9ಕ್ಕೆ) ಒಟ್ಟು, ಅಂದರೆ ನಾಲ್ಕು ವಿಭಾಗಗಳ ಸರಾಸರಿ, 7 ಬರಬೇಕು, ಯಾವ ವಿಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು.

ಮೊದಲ ಸಲ ಲಿಸನಿಂಗ್ 7, ರೀಡಿಂಗ್ 7, ರೈಟಿಂಗ್ 6, ಸ್ಪೀಕಿಂಗ್ 6. ಒಟ್ಟು 6.5. ಸರಿ, ತಯಾರಿ ಸಾಲಲಿಲ್ಲ ಅಂದುಕೊಂಡೆ.

ಎರಡನೇ ಸಲ ಲಿಸನಿಂಗ್ 8, ರೀಡಿಂಗ್ 7.5, ಸ್ಪೀಕಿಂಗ್ 6.5. ಒಟ್ಟು 7 ಬಂತು! ಆದರೆ ರೈಟಿಂಗ್ ಮತ್ತೆ ಅದೇ 6. ಅರ್ಧ ಬ್ಯಾಂಡಿಗೆ ಬಾಗಿಲು ಮುಚ್ಚಿದೆ.

ಒಂದು ಸಲಕ್ಕೆ ಹದಿನೆಂಟು ಸಾವಿರದ ಆಸುಪಾಸು. ಎರಡು ಸಲಕ್ಕೆ ನನ್ನ ಒಂದು ತಿಂಗಳ ಸಂಬಳ ಹೋಯಿತು. ಕೋಚಿಂಗ್‌ನವರು "ಪಿಟಿಇ ಬರೀರಿ, ಅದು ಈಸಿ" ಅಂತಿದ್ದಾರೆ (ಅದೂ ಇಂಥದ್ದೇ ಇನ್ನೊಂದು ಇಂಗ್ಲಿಷ್ ಪರೀಕ್ಷೆ). ಕನ್ಸಲ್ಟೆನ್ಸಿಯವರು "ಮತ್ತೊಮ್ಮೆ ಸ್ಲಾಟ್ ಬುಕ್ ಮಾಡೋಣ" ಅಂತಿದ್ದಾರೆ. ಪರೀಕ್ಷೆ ಬರೆದು ಇವತ್ತಿಗೆ 41 ದಿನ. ಕಂಪ್ಯೂಟರ್ ಮೇಲೆ ಬರೆದಿದ್ದು. ಏನು ಮಾಡಲಿ?

ಲೀಡ್ಸ್_ಚಳಿ

41 ದಿನ ಅಂದ್ರಲ್ಲಾ, ಮೊದಲು ಅದನ್ನೇ ಹೇಳಿಬಿಡುತ್ತೇನೆ. ಮರುಮೌಲ್ಯಮಾಪನ ಕೇಳೋಕೆ ಪರೀಕ್ಷೆಯ ದಿನದಿಂದ ಆರು ವಾರ ಮಾತ್ರ ಟೈಮ್. ಅಂದರೆ ನಾಳೆ ಕೊನೆ. ಶುಲ್ಕ ಕಟ್ಟಬೇಕು, ಬ್ಯಾಂಡ್ ಬದಲಾದರೆ ಶುಲ್ಕ ವಾಪಸ್ ಬರುತ್ತದೆ.

ಎರಡನೇ ದಾರಿ ‘ಒನ್ ಸ್ಕಿಲ್ ರೀಟೇಕ್’. ನಾಲ್ಕರಲ್ಲಿ ಒಂದೇ ವಿಭಾಗ ಮತ್ತೆ ಬರೆಯುವುದು. ಮೂಲ ಪರೀಕ್ಷೆ ಕಂಪ್ಯೂಟರ್‌ನಲ್ಲಿ ಆಗಿರಬೇಕು, 60 ದಿನದ ಒಳಗೆ ಬರೆಯಬೇಕು, ಒಂದು ಪರೀಕ್ಷೆಗೆ ಒಂದೇ ಅವಕಾಶ. ಪೂರ್ತಿ ಪರೀಕ್ಷೆಗಿಂತ ಕಡಿಮೆ ದುಡ್ಡು. ನಿಮಗೆ ಇನ್ನೂ 19 ದಿನ ಇದೆ. ಹಳೆಯ ಮೂರು ಸ್ಕೋರ್, ಹೊಸ ರೈಟಿಂಗ್ ಸೇರಿಸಿ ಹೊಸ ಅಂಕಪಟ್ಟಿ ಕೊಡುತ್ತಾರೆ.

ಆದರೆ ಎಲ್ಲಾ ಯೂನಿವರ್ಸಿಟಿಗಳೂ ಅದನ್ನು ಒಪ್ಪುವುದಿಲ್ಲ. ದುಡ್ಡು ಕಟ್ಟುವ ಮುಂಚೆ ಅಡ್ಮಿಷನ್ ಆಫೀಸಿಗೆ ಎರಡು ಸಾಲಿನ ಮೇಲ್ ಹಾಕಿ. ಕನ್ಸಲ್ಟೆನ್ಸಿಯವರಿಂದ ಹಾಕಿಸಬೇಡಿ, ನೀವೇ ಹಾಕಿ. ಇನ್ನೊಂದು ಸ್ಲಾಟ್ ಬುಕ್ ಮಾಡಿಸುವುದು ಅವರಿಗೆ ಸುಲಭ, ಖರ್ಚು ನಿಮ್ಮದು.

ಹಾವೇರಿ_ಏಲಕ್ಕಿ

ಒಂದೇ ವಿಭಾಗ ಬರೆಯಬಹುದು ಅಂತ ನಮ್ಮ ಕೋಚಿಂಗ್‌ನಲ್ಲಿ ಯಾರೂ ಬಾಯಿ ಬಿಟ್ಟಿಲ್ಲ ನೋಡ್ರಿ! ಮೇಲ್ ಹಾಕಿದೆ. ಮರುಮೌಲ್ಯಮಾಪನಕ್ಕೆ ಹಾಕಲಾ ಬೇಡ್ವಾ? ನಾಳೆ ಒಳಗೆ ಹೇಳಿ.

ಶಾಲೆಮೇಷ್ಟ್ರು

ನಾನು ತುಮಕೂರು ಕಡೆ ಹೈಸ್ಕೂಲಲ್ಲಿ 31 ವರ್ಷ ಇಂಗ್ಲಿಷ್ ಪಾಠ ಮಾಡಿದವನು. ಈಗ ನಿವೃತ್ತಿ. ಊರಿನ ಹುಡುಗರಿಗೆ ಈ ಪರೀಕ್ಷೆಗೆ ಸುಮ್ನೆ ಹೇಳಿಕೊಡುತ್ತೇನೆ.

ನನ್ನ ಮಾತು ಕೇಳುವುದಾದರೆ ಹಾಕಬೇಡಮ್ಮ. ಉಳಿದ ಮೂರಕ್ಕಿಂತ ಒಂದು ಸ್ಕೋರ್ ತೀರಾ ಕೆಳಗೆ ಬಿದ್ದಿದ್ದರೆ, ಅದೂ ಒಂದೇ ಸಲ ಹಾಗಾಗಿದ್ದರೆ, ಕೇಳಬಹುದಿತ್ತು. ನಿನಗೆ ಎರಡು ಸಲ, ಎರಡು ಬೇರೆ ಪ್ರಶ್ನೆಗಳಿಗೆ, ಅದೇ 6 ಬಂದಿದೆ. ಅಂದರೆ ನೀನು ಈಗ ಬರೆಯುತ್ತಿರುವುದು 6ರ ಇಂಗ್ಲಿಷ್. ಬೇಜಾರು ಮಾಡಿಕೋಬೇಡ. 6 ಅಂದ್ರೆ ದಡ್ಡಿ ಅಂತಲ್ಲ. 6ಕ್ಕೂ 6.5ಕ್ಕೂ ನಡುವೆ ಇರುವುದು ಸಣ್ಣ ತೋಡು, ಹಾರಬಹುದು. ಎಲ್ಲಿ ಕಾಲಿಡುತ್ತಿದ್ದೀಯಾ ಅಂತ ನೋಡಬೇಕು ಅಷ್ಟೇ. ನೀನು ಬರೆದ ಒಂದು ಪ್ರಬಂಧ ಇಲ್ಲಿ ಹಾಕು. ಮನೆಯಲ್ಲಿ ಅಭ್ಯಾಸಕ್ಕೆ ಬರೆದದ್ದಾದರೂ ಸರಿ.

ಸಿಲ್ಕ್‌ಬೋರ್ಡ್_ಸಿಗ್ನಲ್

ನನಗೆ ಒಂದು ವಿಷಯ ಅರ್ಥ ಆಗಲ್ಲ. ಎರಡು ವರ್ಷ ಪಿಯುಸಿ ಸೈನ್ಸ್ ಇಂಗ್ಲಿಷ್‌ನಲ್ಲಿ. ನಾಲ್ಕು ವರ್ಷ ಬಿಇ ಇಂಗ್ಲಿಷ್‌ನಲ್ಲಿ. ಮೂರು ವರ್ಷ ಆಫೀಸ್ ಮೇಲ್ ಎಲ್ಲಾ ಇಂಗ್ಲಿಷ್. ನಮ್ಮ ಸುಪ್ರೀಂ ಕೋರ್ಟ್ ನಡೆಯೋದೂ ಇಂಗ್ಲಿಷ್‌ನಲ್ಲಿ. ಆದರೂ ಬ್ರಿಟನ್ನಿನವರ ‘ಇಂಗ್ಲಿಷ್ ಮಾತಾಡುವ ದೇಶಗಳ’ ಪಟ್ಟಿಯಲ್ಲಿ ಜಮೈಕಾ ಇದೆ, ಗಯಾನಾ ಇದೆ, ಮಾಲ್ಟಾ ಇದೆ, ಅಲ್ಲಿನವರಿಗೆ ಈ ಪರೀಕ್ಷೆ ಬೇಡ, ನಾವು ಮಾತ್ರ ಪಟ್ಟಿಯಲ್ಲಿಲ್ಲ.

ಅದೂ ಹೋಗಲಿ. ಸ್ಕೋರ್ ಎರಡೇ ವರ್ಷ ಮಾನ್ಯ ಅಂತೆ. ಇಂಗ್ಲಿಷ್ ಏನು ಹಾಲಾ, ಹಳಸೋಕೆ?

ಪಿಎಚ್‌ಡಿ_ಪರದಾಟ

ಹಳಸುತ್ತೆ ಮಾರಾಯ್ರೇ. ನಾನು ಪಿಯುಸಿಯಲ್ಲಿ ಹಿಂದಿ ತಗೊಂಡು 90 ತೆಗೆದಿದ್ದೆ. ಈಗ ದೆಹಲಿ ಏರ್‌ಪೋರ್ಟ್‌ನಲ್ಲಿ ಚಹಾ ಕೇಳೋಕೂ ಇಂಗ್ಲಿಷ್ ಬೇಕು.

ಆದರೆ ಪಟ್ಟಿಯ ಬಗ್ಗೆ ನಿಮ್ಮ ಸಿಟ್ಟು ಸರಿ. ಅಲ್ಲಿರುವುದು ಹೆಚ್ಚಿನ ಜನ ಇಂಗ್ಲಿಷ್ ಆಡುವ ದೇಶಗಳು ಅನ್ನುವುದು ಅವರ ಲೆಕ್ಕ. ನಮ್ಮಲ್ಲಿ ಓದುವುದು ಇಂಗ್ಲಿಷ್, ಜಗಳ ಆಡುವುದು ಕನ್ನಡ. ಆ ಲೆಕ್ಕಕ್ಕೆ ನಾವು ಸಿಗುವುದಿಲ್ಲ.

ಶಾಲೆಮೇಷ್ಟ್ರು

ಈ ಪರೀಕ್ಷೆಗಳ ಹುಚ್ಚು ಹಳೆಯದು. ಕೇಂಬ್ರಿಜ್‌ನವರು 1913ರಲ್ಲಿ ಪರದೇಶದವರಿಗೆ ಅಂತ ಮೊದಲ ಇಂಗ್ಲಿಷ್ ಪರೀಕ್ಷೆ ನಡೆಸಿದರು. ಸುಮಾರು ಹನ್ನೆರಡು ಗಂಟೆಯ ಪರೀಕ್ಷೆ. ಅನುವಾದ, ಪ್ರಬಂಧ, ಉಚ್ಚಾರಣೆಯ ಶಾಸ್ತ್ರ, ಸಾಹಿತ್ಯ ಎಲ್ಲಾ ಇತ್ತು. ಬರೆದವರು ಮೂರೇ ಜನ. ಮೂವರೂ ಫೇಲ್! ಆಮೇಲೆ ಅಮೆರಿಕದ ಟೋಫೆಲ್ ಬಂದದ್ದು 1964ರಲ್ಲಿ, ಐಇಎಲ್‌ಟಿಎಸ್ 1989ರಲ್ಲಿ. ಏಲಕ್ಕಿ, ನಿನ್ನದು ಎರಡೂಮುಕ್ಕಾಲು ಗಂಟೆಯ ಕೆಲಸ ಅಷ್ಟೇ, ಧೈರ್ಯ ತಗೋ.

ಲೀಡ್ಸ್_ಚಳಿ

ಸಿಲ್ಕ್‌ಬೋರ್ಡ್ ಅವರೇ, ಬ್ರಿಟನ್ ಬಿಗಿಯಾಗಿದ್ದಕ್ಕೆ ಒಂದು ಕಥೆ ಇದೆ. 2014ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಲಂಡನ್ನಿನ ಪರೀಕ್ಷಾ ಕೇಂದ್ರಗಳಲ್ಲಿ ಮೋಸ ನಡೆಯುವುದನ್ನು ಗುಟ್ಟಾಗಿ ಚಿತ್ರಿಸಿತು. ಟೋಯಿಕ್ ಅನ್ನೋ ಪರೀಕ್ಷೆ ಅದು. ಬೇರೆಯವರು ಕೂತು ಬರೆಯುತ್ತಿದ್ದರು, ಉತ್ತರ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಆಮೇಲೆ ಪರೀಕ್ಷೆ ನಡೆಸುವ ಸಂಸ್ಥೆ 58 ಸಾವಿರಕ್ಕೂ ಜಾಸ್ತಿ ಫಲಿತಾಂಶಗಳನ್ನು ತಪಾಸಣೆ ಮಾಡಿ, ಶೇ 97ರಷ್ಟು ಅನುಮಾನಾಸ್ಪದ ಅಂದುಬಿಟ್ಟಿತು. ನೂರರಲ್ಲಿ 97 ಜನ ಕಳ್ಳರು ಅಂದ್ರೆ ಯಾರಾದರೂ ನಂಬುತ್ತಾರಾ? ಸರ್ಕಾರ ನಂಬಿತು. ಸಾವಿರಾರು ವಿದ್ಯಾರ್ಥಿಗಳ ವೀಸಾ ಹೋಯಿತು. ನಮ್ಮ ದೇಶದವರೂ ಬಹಳ ಜನ ಇದ್ದರು. ಕೆಲವರು ವರ್ಷಗಟ್ಟಲೆ ಕೋರ್ಟಿಗೆ ಅಲೆದು ಹೆಸರು ತೊಳೆದುಕೊಂಡರು. ಎದುರು ಕೂತು ನಿರರ್ಗಳವಾಗಿ ಇಂಗ್ಲಿಷ್ ಮಾತಾಡುತ್ತಿದ್ದವರಿಗೇ "ನಿನಗೆ ಇಂಗ್ಲಿಷ್ ಬರಲ್ಲ" ಅಂದಿದ್ದಾರೆ.

ವಿಷಯಕ್ಕೆ ಬರುತ್ತೇನೆ. ಡಿಗ್ರಿ ಮಟ್ಟದ ಕೋರ್ಸಿಗೆ ವಿದ್ಯಾರ್ಥಿಯ ಇಂಗ್ಲಿಷ್ ಸಾಕೋ ಇಲ್ಲವೋ ಅಂತ ಬ್ರಿಟನ್ನಿನ ಯೂನಿವರ್ಸಿಟಿಗಳೇ ತೀರ್ಮಾನಿಸಬಹುದು. ಅದಕ್ಕೇ ಹಲವು ಕಡೆ ಹನ್ನೆರಡನೇ ತರಗತಿಯ ಇಂಗ್ಲಿಷ್ ಅಂಕವನ್ನೇ ಒಪ್ಪುತ್ತಾರೆ. ಸಿಬಿಎಸ್‌ಇಗೆ ಒಂದು ಕಟ್‌ಆಫ್, ರಾಜ್ಯದ ಬೋರ್ಡುಗಳಿಗೆ ಇನ್ನೊಂದು. ಏಲಕ್ಕಿ, ಸೆಕೆಂಡ್ ಪಿಯುಸಿ ಇಂಗ್ಲಿಷ್‌ನಲ್ಲಿ ನಿಮಗೆ ಎಷ್ಟು?

ಹಾವೇರಿ_ಏಲಕ್ಕಿ

88! ಅಯ್ಯೋ, ಅದು ಲೆಕ್ಕಕ್ಕೆ ಬರುತ್ತಾ? ಇದನ್ನೂ ಮೇಲ್ ಹಾಕಿ ಕೇಳ್ತೀನಿ.

ಮೆಲ್ಬರ್ನ್_ಮಂಡ್ಯ

"ಪಿಟಿಇ ಈಸಿ" ಅನ್ನೋ ಮಾತಿಗೆ ನಂದೊಂದು ಉತ್ತರ. ನಾನು ಬರೆದಿದ್ದು ಪಿಟಿಇನೇ. ಅಂಕ 10ರಿಂದ 90. ಎಲ್ಲವೂ ಕಂಪ್ಯೂಟರ್, ಮಾತಾಡೋದೂ ಅದರ ಜತೆಗೇ. ಒಂದೇ ರೂಮಲ್ಲಿ ಎಲ್ಲರೂ ಒಟ್ಟಿಗೆ ಮೈಕಿಗೆ ಮಾತಾಡ್ತಿರುತ್ತಾರೆ. ಪಕ್ಕದವರು ಗಟ್ಟಿ ದನಿಯವರಾದರೆ ದೇವರೇ ಗತಿ. ವಾಕ್ಯ ಕೇಳಿಸಿಕೊಂಡು ಹಾಗೇ ತಿರುಗಿ ಹೇಳಬೇಕು, ಚಿತ್ರ ನೋಡಿ ವಿವರಿಸಬೇಕು. ನಡುವೆ ನಿಲ್ಲಿಸಿದಿರೋ ಅಂಕ ಹೋಯಿತು. ತಡವರಿಸದೆ ಮಾತಾಡುವವರಿಗೆ ಅದು ಒಳ್ಳೆಯದು. ಯೋಚಿಸಿ ನಿಧಾನವಾಗಿ ಹೇಳುವವರಿಗೆ ಐಇಎಲ್‌ಟಿಎಸ್‌ನಲ್ಲಿ ಎದುರು ಮನುಷ್ಯ ಕೂತಿರುವುದೇ ವಾಸಿ.

ನಾವು ಮಂಡ್ಯದವರಿಗೆ ‘ಓನ್ಲಿ’ ಅನ್ನೋದು ‘ವೋನ್ಲಿ’ ಆಗುತ್ತೆ, ‘ಎಗ್’ ಅನ್ನೋದು ‘ಯೆಗ್’ ಆಗುತ್ತೆ. ಅದಕ್ಕೆ ಹೆದರಬೇಡಿ. ನಮ್ಮ ಧಾಟಿ ಇದ್ದರೆ ತಪ್ಪಲ್ಲ, ಹೇಳಿದ್ದು ಅರ್ಥ ಆದರೆ ಆಯಿತು. ಸುಳ್ಳು ಅಮೆರಿಕನ್ ಧಾಟಿ ಹಾಕಿ ಕೆಟ್ಟವರನ್ನು ನೋಡಿದ್ದೇನೆ.

ಆಸ್ಟ್ರೇಲಿಯಾ ನೋಡುವವರಿಗೆ ಒಂದು ಮಾತು. ಯೂನಿವರ್ಸಿಟಿಯ ಷರತ್ತು ಬೇರೆ, ವೀಸಾದ ಷರತ್ತು ಬೇರೆ. ಸ್ಟೂಡೆಂಟ್ ವೀಸಾಗೆ ಬೇಕಾದ ಐಇಎಲ್‌ಟಿಎಸ್ ಮಟ್ಟವನ್ನು 2024ರ ಮಾರ್ಚ್ 23ರಿಂದ 5.5ರಿಂದ 6ಕ್ಕೆ ಏರಿಸಿದರು. ಮನೆಯಲ್ಲಿ ಕೂತು ಬರೆದ ಪರೀಕ್ಷೆ ಇಲ್ಲಿನ ವೀಸಾಗೆ ನಡೆಯಲ್ಲ.

ಬೆಣ್ಣೆದೋಸೆ_ದಾವಣಗೆರೆ

ಮನೆ ಪರೀಕ್ಷೆ ಅಂದ್ರಲ್ಲ, ನನ್ನ ಕಥೆ ಕೇಳಿ. ಹೆಸರು ಬೇಡ, ಆನ್‌ಲೈನ್‌ನಲ್ಲಿ ಬರೆಯುವ ಒಂದು ಪರೀಕ್ಷೆ. ಅಗ್ಗ, ಬೇಗ ಮುಗಿಯುತ್ತೆ ಅಂತ ಕೂತೆ. ಇಪ್ಪತ್ತು ನಿಮಿಷ ಆಗಿರಬೇಕು, ಕರೆಂಟ್ ಹೋಯಿತು. ವೈಫೈ ಹೋಯಿತು. ಮತ್ತೆ ಕೂತಾಗ ಅಜ್ಜಿ ಬಾಗಿಲು ತೆಗೆದು "ದೋಸೆ ಆರ್ತೈತಿ ಬಾರೋ" ಅಂದರು. ನಾನು ಆ ಕಡೆ ತಿರುಗಿ ನೋಡಿದೆ. ರೂಮಲ್ಲಿ ಬೇರೆಯವರು ಇದ್ದಾರೆ ಅಂತ ಫಲಿತಾಂಶ ತಡೆಹಿಡಿದರು. ಅಜ್ಜಿ ನನಗೆ ಇಂಗ್ಲಿಷ್ ಹೇಳಿಕೊಟ್ಟಳಂತೆ!

ಕುಡ್ಲ_ನರ್ಸ್

ದೋಸೆ ಅಜ್ಜಿಗೆ ನನ್ನ ನಮಸ್ಕಾರ 😄

ನರ್ಸಿಂಗ್‌ನವರು ಯಾರಾದರೂ ಓದ್ತಿದ್ರೆ ಒಇಟಿ ಅಂತ ಬೇರೆ ಪರೀಕ್ಷೆ ಇದೆ, ವೈದ್ಯಕೀಯ ಕ್ಷೇತ್ರದವರಿಗೇ ಮಾಡಿದ್ದು. ಪ್ರಬಂಧದ ಬದಲು ರೋಗಿಯ ಬಗ್ಗೆ ಪತ್ರ ಬರೆಯೋದು. ದಿನಾ ಮಾಡೋ ಕೆಲಸ ಆದ್ದರಿಂದ ನನಗೆ ಅದು ಹಿಡಿಸಿತು. ಏಲಕ್ಕಿಗೆ ಉಪಯೋಗ ಇಲ್ಲ, ಕ್ಷಮಿಸಿ.

ಹಾವೇರಿ_ಏಲಕ್ಕಿ

ಯೂನಿವರ್ಸಿಟಿಯಿಂದ ಉತ್ತರ ಬಂತು. ಪಿಯುಸಿ ಅಂಕ ಒಪ್ಪುತ್ತಾರಂತೆ, ಆದರೆ ಐದು ವರ್ಷಕ್ಕಿಂತ ಹಳೆಯದಾಗಿರಬಾರದಂತೆ. ನಂದು ಏಳು ವರ್ಷದ ಹಿಂದಿನದು. ಹಾಲು ಹಳಸಿತು, ಸಿಲ್ಕ್‌ಬೋರ್ಡ್ ಅಣ್ಣಾ.

ಒಳ್ಳೆಯ ಸುದ್ದಿ: ಒನ್ ಸ್ಕಿಲ್ ರೀಟೇಕ್ ಒಪ್ಪುತ್ತಾರೆ! ಮರುಮೌಲ್ಯಮಾಪನಕ್ಕೆ ಹಾಕಲಿಲ್ಲ, ಮೇಷ್ಟ್ರ ಮಾತಿನಂತೆ. ಹದಿನಾರು ದಿನ ಬಿಟ್ಟು ಸ್ಲಾಟ್ ಬುಕ್ ಮಾಡಿದೆ.

ಪ್ರಬಂಧ ಹಾಕಿದ್ದೇನೆ, ಫೋಟೋ ನೋಡಿ. ಪ್ರಶ್ನೆ: ಹಳ್ಳಿಯ ಯುವಕರು ಕೆಲಸಕ್ಕೆ ಪಟ್ಟಣಕ್ಕೆ ಹೋಗುತ್ತಿದ್ದಾರೆ, ಇದರಿಂದ ಒಳ್ಳೆಯದಾಗುತ್ತದೋ ಕೆಟ್ಟದ್ದಾಗುತ್ತದೋ? ಬೈದರೂ ಪರವಾಗಿಲ್ಲ ಮೇಷ್ಟ್ರೇ.

ಶಾಲೆಮೇಷ್ಟ್ರು

ಓದಿದೆ. ಮೂರು ಸಲ ಓದಿದೆ. ಬೈಯುವುದಿಲ್ಲ, ಆದರೆ ಒಂದು ಕೇಳುತ್ತೇನೆ. 290 ಪದ ಇದೆ. ಅದರಲ್ಲಿ ನಿನ್ನದು ಎಷ್ಟು, ಕೋಚಿಂಗ್‌ನವರದು ಎಷ್ಟು?

ಮೊದಲ ಸಾಲೇ ‘ಇನ್ ಟುಡೇಸ್ ಮಾಡರ್ನ್ ವರ್ಲ್ಡ್’. ಆಮೇಲೆ ‘ಎರಡಲಗಿನ ಕತ್ತಿ’ ಬಂತು. ಆಮೇಲೆ ‘ಪ್ಲೆಥೊರಾ’ (ರಾಶಿ ಅನ್ನೋಕೆ ದೊಡ್ಡ ಪದ) ಬಂತು. ಕೊನೆಗೆ ‘ನಾಣ್ಯದ ಎರಡು ಮುಖ’ವೂ ಬಂತು. ಈ ಸಾಲುಗಳು ಯಾವ ಪ್ರಶ್ನೆಗೆ ಬೇಕಾದರೂ ಒಗ್ಗುತ್ತವೆ. ಮೊಬೈಲ್ ಬಗ್ಗೆ ಕೇಳಿದರೂ ಅದೇ, ಹುಲಿ ಬಗ್ಗೆ ಕೇಳಿದರೂ ಅದೇ. ಪರೀಕ್ಷಕರು ದಿನಕ್ಕೆ ಎಷ್ಟು ಎರಡಲಗಿನ ಕತ್ತಿ ನೋಡಿರುತ್ತಾರೋ! ಬಾಯಿಪಾಠದ ಸಾಲಿಗೆ ಅಂಕ ಬರುವುದಿಲ್ಲ.

ನಾಲ್ಕು ವಿಷಯಕ್ಕೆ ಸಮ ಸಮ ಅಂಕ: ಕೇಳಿದ್ದಕ್ಕೆ ಉತ್ತರ ಕೊಟ್ಟೆಯಾ, ಮಾತಿಗೆ ಮಾತು ಕೂಡಿದೆಯಾ, ಪದಗಳು ಹೇಗಿವೆ, ವ್ಯಾಕರಣ ಹೇಗಿದೆ. ನಿನ್ನ ಪದಗಳು ಸಾಕಷ್ಟಿವೆ. ನೀನು ಸೋಲುತ್ತಿರುವುದು ಮೊದಲನೆಯದರಲ್ಲಿ ಮತ್ತು ಕೊನೆಯದರಲ್ಲಿ.

ಮೊದಲನೆಯದು. ಎರಡನೇ ಪ್ಯಾರಾದಲ್ಲಿ "ಹಳ್ಳಿಯಲ್ಲಿ ಸೌಲಭ್ಯ ಇಲ್ಲ, ಅದಕ್ಕೆ ಯುವಕರು ಹೋಗುತ್ತಾರೆ" ಅಂದೆ. ಅಲ್ಲಿಗೇ ಬಿಟ್ಟು ಇನ್ನೊಂದು ಕಾರಣಕ್ಕೆ ಹಾರಿದೆ, ಆಮೇಲೆ ಮೂರನೆಯದಕ್ಕೆ. ಪ್ರಶ್ನೆ ಕೇಳಿದ್ದು ಯಾಕೆ ಹೋಗುತ್ತಾರೆ ಅಂತಲೇ ಅಲ್ಲ! ಹೋದರೆ ಏನಾಗುತ್ತದೆ ಅಂತ. ಐದು ಮಾತು ಮುಟ್ಟಿ ಬಿಡುವುದಕ್ಕಿಂತ ಎರಡನ್ನು ಹಿಡಿದು ಕೊನೆ ಮುಟ್ಟಿಸು. ನೀನು ಹಾವೇರಿಯವಳು. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ ನೋಡಿಲ್ವಾ? ಸುತ್ತ ಕೋಲ್ಡ್ ಸ್ಟೋರೇಜ್‌ಗಳಿವೆ, ಹಮಾಲರಿಂದ ಲೆಕ್ಕ ಬರೆಯುವವರ ತನಕ ಕೆಲಸ ಇದೆ. ಓದಿದ ಹುಡುಗರು ಬೆಂಗಳೂರಿಗೆ ಹೋದರೆ ಆ ಕೆಲಸಕ್ಕೆ ಯಾರು ಬರುತ್ತಾರೆ, ಹೊಲದ ಕೂಲಿ ಏನಾಗುತ್ತದೆ? ಇದು ನಿನಗೆ ಗೊತ್ತಿರುವ ಮಾತು. ಇದನ್ನು ಸಾದಾ ಇಂಗ್ಲಿಷ್‌ನಲ್ಲಿ ಬರೆ.

ಇನ್ನು ವ್ಯಾಕರಣ. ಎಣಿಸಿದೆ. 22 ತಪ್ಪು. ಅದರಲ್ಲಿ 14 ‘ಎ’ ಮತ್ತು ‘ದಿ’ಯದ್ದು. ಇದು ನಿನ್ನೊಬ್ಬಳ ರೋಗ ಅಲ್ಲ, ನಮ್ಮ ಭಾಷೆಯಲ್ಲಿ ಆ ಪದಗಳೇ ಇಲ್ಲ. ನಾನು ಹುಡುಗರಿಗೆ ಹೇಳಿಕೊಡುವ ಉಪಾಯ ಇದು: ನಾಮಪದ ಬಂದ ಕಡೆಯೆಲ್ಲಾ ಕನ್ನಡದಲ್ಲಿ ‘ಯಾವುದು?’ ಅಂತ ಕೇಳು. ಓದುವವನಿಗೆ ಯಾವುದು ಅಂತ ಈಗಾಗಲೇ ಗೊತ್ತಿದ್ದರೆ ‘ದಿ’. ‘ಯಾವುದೋ ಒಂದು’ ಅನ್ನುವಂತಿದ್ದರೆ ‘ಎ’. ‘ಎಲ್ಲಾ ಹಳ್ಳಿಗಳೂ’ ಅನ್ನುವ ಹಾಗಿದ್ದರೆ ಬಹುವಚನ ಹಾಕು, ಮುಂದೆ ಏನೂ ಬೇಡ. ನೂರಕ್ಕೆ ನೂರು ನಡೆಯುವುದಿಲ್ಲ, ಆದರೆ ಹದಿನಾಲ್ಕರಲ್ಲಿ ಹತ್ತು ಇದರಲ್ಲೇ ಹೋಗುತ್ತವೆ.

ಉಳಿದವು ನಮ್ಮೂರಿನ ಹಳೆಯ ನಂಟರು: ‘ಇನ್ಫರ್ಮೇಷನ್ಸ್’, ‘ಡಿಸ್ಕಸ್ ಅಬೌಟ್’, ‘ಒನ್ ಆಫ್ ದಿ ರೀಸನ್’. ಕೊನೆಯದಕ್ಕೆ ‘ರೀಸನ್ಸ್’ ಆಗಬೇಕು. ಹಲವು ಕಾರಣಗಳಲ್ಲಿ ಒಂದು, ಅಲ್ವಾ?

ಹಾವೇರಿ_ಏಲಕ್ಕಿ

ಮೇಷ್ಟ್ರೇ, ಇಷ್ಟು ವರ್ಷದಲ್ಲಿ ಯಾರೂ ನನಗೆ ‘ದಿ’ ಹೀಗೆ ಹೇಳಿಕೊಟ್ಟಿರಲಿಲ್ಲ. ಕೋಚಿಂಗ್‌ನಲ್ಲಿ ಪ್ರತಿ ಪ್ರಬಂಧಕ್ಕೂ "ಗುಡ್, ಯೂಸ್ ಮೋರ್ ವೊಕ್ಯಾಬ್ಯುಲರಿ" ಅಂತ ಒಂದೇ ಸಾಲು ಬರೆದು ಕೊಡುತ್ತಿದ್ದರು. ಹಂಗಾಗಿ ಪ್ಲೆಥೊರಾ ಹಾಕಿದ್ದು.

ಲೀಡ್ಸ್_ಚಳಿ

ಒಂದು ಸಣ್ಣ ಮಾತು ಸೇರಿಸುತ್ತೇನೆ. ರೈಟಿಂಗ್‌ನಲ್ಲಿ ಟಾಸ್ಕ್ 2ರ (ಪ್ರಬಂಧ) ತೂಕ ಟಾಸ್ಕ್ 1ರ (ಗ್ರಾಫ್ ವಿವರಣೆ) ಎರಡರಷ್ಟು. ಗ್ರಾಫ್ ವಿವರಿಸುವುದರಲ್ಲೇ ಅರ್ಧ ಗಂಟೆ ಕೂರಬೇಡಿ. 20 ನಿಮಿಷ, 150 ಪದ ದಾಟಿದರೆ ಮುಂದೆ ಹೋಗಿ. ನಾನು ಎಂಜಿನಿಯರ್ ಅಂತ ಗ್ರಾಫಿನ ಪ್ರತಿ ಅಂಕೆಯನ್ನೂ ಬರೆದು ಕೆಟ್ಟವನು. ಒಟ್ಟಾರೆ ಏನು ಕಾಣುತ್ತಿದೆ ಅನ್ನುವ ಒಂದು ಸಾಲು ಬರೆಯದಿದ್ದರೆ ಉಳಿದದ್ದೆಲ್ಲಾ ಎಷ್ಟು ಬರೆದರೂ ಅಷ್ಟೇ.

ಪಿಎಚ್‌ಡಿ_ಪರದಾಟ

ಅಮೆರಿಕ ನೋಡುವವರಿಗೆ: ಟೋಫೆಲ್ ಬದಲಾಗಿದೆ. 2026ರ ಜನವರಿ 21ರಿಂದ ಅಂಕ 1ರಿಂದ 6ರ ಅಳತೆಯಲ್ಲಿ ಬರುತ್ತದೆ. ಎರಡು ವರ್ಷ ಹಳೆಯ 120ರ ಲೆಕ್ಕವನ್ನೂ ಪಕ್ಕದಲ್ಲಿ ತೋರಿಸುತ್ತಾರೆ. ಹಳೆಯ ಪುಸ್ತಕ ಕೊಳ್ಳಬೇಡಿ. ಅವೆನ್ಯೂ ರೋಡಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ನನ್ನ ತಮ್ಮ ನಾಲ್ಕು ತಂದಿದ್ದಾನೆ, ಈಗ ಮಾನಿಟರ್ ಕೆಳಗೆ ಇಟ್ಟಿದ್ದಾನೆ.

ಗುಬ್ಬಿಮರಿ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮಲ್ಲಿ ಅಪ್ಪನ ಹೆಸರು ಇನಿಶಿಯಲ್ ಅಷ್ಟೇ. ಅಂಕಪಟ್ಟಿಯಲ್ಲಿ ಇನಿಶಿಯಲ್ ಇದೆ, ಪಾಸ್‌ಪೋರ್ಟಲ್ಲಿ ಇಲ್ಲ. ಪರೀಕ್ಷೆಗೆ ಯಾವ ಹೆಸರು ಕೊಡಲಿ? ಆಧಾರ್ ನಡೆಯುತ್ತಾ?

ಲೀಡ್ಸ್_ಚಳಿ

ಆಧಾರ್ ನಡೆಯಲ್ಲ, ಪಾಸ್‌ಪೋರ್ಟೇ ಬೇಕು. ಅದರಲ್ಲಿ ಹೇಗಿದೆಯೋ ಹಾಗೇ ಕೊಡಿ, ಒಂದು ಅಕ್ಷರವೂ ಹೆಚ್ಚು ಕಡಿಮೆ ಬೇಡ. ಸರ್‌ನೇಮ್ ಇಲ್ಲದವರು ಫಾರ್ಮ್ ತುಂಬುವ ಮುಂಚೆ ಕೇಂದ್ರಕ್ಕೆ ಫೋನ್ ಮಾಡಿ ಕೇಳಿ.

ಪಿಎಚ್‌ಡಿ_ಪರದಾಟ

ಅಮೆರಿಕಕ್ಕೆ ಹೋಗುವ ಯೋಚನೆ ಇದ್ದರೆ ಈಗಲೇ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಸೇರಿಸಿಬಿಡಿ. ನಾನು ಹಾಗೇ ಹೋದೆ. ವೀಸಾದಲ್ಲಿ ನನ್ನ ಹೆಸರೇ ಸರ್‌ನೇಮ್ ಆಯಿತು, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬಂತು. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಬ್ಯಾಂಕಿನವರು ಮೊದಲ ವರ್ಷ ಪೂರ್ತಿ ‘ಡಿಯರ್ ಎಫ್‌ಎನ್‌ಯು’ ಅಂತಲೇ ಕಾಗದ ಕಳಿಸಿದರು.

ಹಾವೇರಿ_ಏಲಕ್ಕಿ

ಬರೆದು ಬಂದೆ. ನಾಲ್ಕನೇ ದಿನಕ್ಕೆ ಫಲಿತಾಂಶ ಬಂತು.

ರೈಟಿಂಗ್ 6.5!!!

7 ಬಂದಿಲ್ಲ, ನನಗೆ ಬೇಕಾಗಿಯೂ ಇಲ್ಲ. ಮೂರು ಸಲ ಲೆಕ್ಕ ಮಾಡಿದೆ, ಎಲ್ಲಾ ಷರತ್ತೂ ದಾಟಿದೆ. ಯೂನಿವರ್ಸಿಟಿಗೆ ಅಂಕಪಟ್ಟಿ ಕಳಿಸಿದ್ದೇನೆ.

ಈ ಹದಿನಾರು ದಿನ ಏನು ಮಾಡಿದೆ ಅಂತ ಇಬ್ಬರು ಮೆಸೇಜ್ ಮಾಡಿ ಕೇಳಿದ್ದಾರೆ. ದಿನಕ್ಕೆ ಒಂದೇ ಪ್ರಬಂಧ, 40 ನಿಮಿಷ. ಬರೆದ ಮೇಲೆ ಒಂದು ಗಂಟೆ ಬಿಟ್ಟು, ಕೆಂಪು ಪೆನ್ ಹಿಡಿದು ಪ್ರತಿ ನಾಮಪದಕ್ಕೂ ‘ಯಾವುದು?’ ಅಂತ ಕೇಳಿದೆ. ಮೊದಲ ದಿನ 14 ತಪ್ಪಿದ್ದದ್ದು ಕೊನೆಗೆ ಮೂರು ನಾಲ್ಕಕ್ಕೆ ಬಂತು. ಮೇಷ್ಟ್ರು ಆರು ಪ್ರಬಂಧ ತಿದ್ದಿಕೊಟ್ಟರು, ಒಂದು ರೂಪಾಯಿ ಮುಟ್ಟಲಿಲ್ಲ. ಪರೀಕ್ಷೆಯಲ್ಲಿ ಪ್ಲೆಥೊರಾ ಬರೆಯೋಕೆ ಕೈ ಹೋಗಿತ್ತು, ತಡೆದೆ.

ಸಿಲ್ಕ್‌ಬೋರ್ಡ್_ಸಿಗ್ನಲ್

ಅಭಿನಂದನೆ ತಂಗಿ! ಆ ಪಟ್ಟಿಯ ಮೇಲಿನ ನನ್ನ ಸಿಟ್ಟು ಮಾತ್ರ ಹಾಗೇ ಇದೆ.

ಬೆಣ್ಣೆದೋಸೆ_ದಾವಣಗೆರೆ

ಅಜ್ಜಿನೂ ಅಭಿನಂದನೆ ಹೇಳಿದ್ದಾಳೆ. ನಾನು ಮುಂದಿನ ತಿಂಗಳು ಕೇಂದ್ರಕ್ಕೆ ಹೋಗಿಯೇ ಬರೆಯೋದು.

ಶಾಲೆಮೇಷ್ಟ್ರು

ಬಹಳ ಸಂತೋಷ ಕಣಮ್ಮ. ಹೊರಡುವ ಮುಂಚೆ ಆ ಕೊನೆಯ ಪ್ರಬಂಧ ತಿದ್ದಿ ಕಳಿಸು. ಮೂರನೇ ಪ್ಯಾರಾದಲ್ಲಿ ಇನ್ನೂ ಎರಡು ‘ದಿ’ ಬಾಕಿ ಇವೆ.